ಬೆರಳಿಗೊಂದು ಗೀರು, ಬುದ್ಧಿಗೊಂದು ಪ್ರಶ್ನೆ

ತನ್ನ ಬೆರಳಿಗೊಂದು ಗೀರು ಬೀಳುವುದಕ್ಕಿಂತ ಇಡೀ ಲೋಕವೇ ಹಾಳಾಗಿ ಹೋಗಲಿ ಎಂದು ಒಬ್ಬ ಮನಸಾರೆ ಬಯಸುತ್ತಾನೆ ಎಂದುಕೊಳ್ಳಿ. ಅವನನ್ನು ಏನೆಂದು ಕರೆಯುತ್ತೀರಿ? ಕಟುಕ ಎನ್ನಬಹುದು, ಕಲ್ಲೆದೆಯವನು ಎನ್ನಬಹುದು. ‘ಬುದ್ಧಿಯಿಲ್ಲದವನು’ ಎಂದೂ ಬಾಯಿಗೆ ಬರುತ್ತದೆ. ಮೊದಲ ಎರಡು ಬೈಗುಳಕ್ಕೆ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮನ ತಕರಾರಿಲ್ಲ. ಮೂರನೆಯದಕ್ಕೆ ಮಾತ್ರ ಇದೆ. ಅಂಥ ಬಯಕೆ ಬುದ್ಧಿಗೆ ವಿರುದ್ಧವೇನಲ್ಲ ಎಂದು ಅವನು 1739ರಲ್ಲಿ ಅಚ್ಚಾದ ತನ್ನ ಮೊದಲ ಪುಸ್ತಕದಲ್ಲಿ ಬರೆದ. ಆಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. ಮಾನವ ಸ್ವಭಾವವನ್ನು ಕುರಿತ ಆ ಪುಸ್ತಕವನ್ನು ಹೆಚ್ಚು ಜನ ಓದಲಿಲ್ಲ. ಅದು ಅಚ್ಚುಮನೆಯಿಂದ ಹೊರಬರುವಾಗಲೇ ಸತ್ತಿತ್ತು ಎಂದು ಅವನೇ ಆಮೇಲೆ ಬರೆದುಕೊಂಡ.

ಹ್ಯೂಮ್ ಲೋಕನಾಶದ ಪರವಾಗಿ ವಕಾಲತ್ತು ಹಾಕುತ್ತಿರಲಿಲ್ಲ. ಆ ಮನುಷ್ಯನಲ್ಲಿ ದೋಷವಿದೆ ಎಂಬುದನ್ನು ಅವನೂ ಒಪ್ಪುತ್ತಾನೆ. ಆ ದೋಷ ಬುದ್ಧಿಯದ್ದಲ್ಲ, ಎದೆಯದ್ದು ಎನ್ನುವುದಷ್ಟೇ ಅವನ ವಾದ. ಅಷ್ಟೇ ತಾನೆ ಎನಿಸಬಹುದು. ಆದರೆ ಪಶ್ಚಿಮದ ನೀತಿಶಾಸ್ತ್ರ ಎರಡು ಸಾವಿರ ವರ್ಷ ನಿಂತಿದ್ದ ನೆಲವನ್ನೇ ಈ ಮಾತು ಅಲ್ಲಾಡಿಸುತ್ತದೆ.

ವಾದ ಹೀಗಿದೆ. ಬುದ್ಧಿ ಮಾಡುವ ಕೆಲಸ ಎರಡೇ. ಎರಡು ಮತ್ತು ಮೂರು ಸೇರಿದರೆ ಐದು ಎಂಬಂಥ ಸಂಬಂಧಗಳನ್ನು ಅದು ಕಾಣುತ್ತದೆ. ಬೆಂಕಿ ಮುಟ್ಟಿದರೆ ಸುಡುತ್ತದೆ ಎಂಬಂಥ ಲೋಕದ ಸಂಗತಿಗಳನ್ನು ತಿಳಿಯುತ್ತದೆ. ಇವೆರಡರಲ್ಲೂ ನಿಜ-ಸುಳ್ಳು ಉಂಟು. ಆದರೆ ನನಗೆ ಸಿಟ್ಟು ಬಂದಿದ್ದರೆ ಅದು ನಿಜವೂ ಅಲ್ಲ, ಸುಳ್ಳೂ ಅಲ್ಲ. ಸಿಟ್ಟು ಬಂದಿದೆ, ಅಷ್ಟೆ. ನಾನು ಐದಡಿಗಿಂತ ಎತ್ತರ ಇದ್ದೇನೆ ಅಥವಾ ನನಗೆ ಬಾಯಾರಿಕೆಯಾಗಿದೆ ಎನ್ನುವುದು ಹೇಗೋ ಸಿಟ್ಟೂ ಹಾಗೆಯೇ ಎನ್ನುತ್ತಾನೆ ಹ್ಯೂಮ್. ಸುಳ್ಳಾಗಲಾರದ್ದನ್ನು ಬುದ್ಧಿ ತಿದ್ದುವುದಾದರೂ ಹೇಗೆ?

ನಮ್ಮ ಮನೆಗಳ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹೋಳಿಗೆ ತಿಂದರೆ ಸಕ್ಕರೆ ಏರುತ್ತದೆ ಎಂದು ರಕ್ತಪರೀಕ್ಷೆಯ ವರದಿ ಹೇಳುತ್ತದೆ. ಅದು ಬುದ್ಧಿಯ ಕೆಲಸ. ‘ಏರಿದರೆ ಏರಲಿ ಬಿಡು’ ಎನ್ನುವವರ ಎದುರು ಆ ವರದಿ ಬರೀ ಕಾಗದ. ಕೈಯನ್ನು ತಟ್ಟೆಯಿಂದ ಹಿಂದಕ್ಕೆಳೆಯುವುದು ಕಣ್ಣು ಹೋದೀತೆಂಬ ಭಯ, ಮೊಮ್ಮಗಳ ಮದುವೆ ನೋಡಬೇಕೆಂಬ ಆಸೆ. ಹ್ಯೂಮ್ ಕೊಡುವ ಉದಾಹರಣೆಯೂ ಇಂಥದ್ದೇ. ವ್ಯಾಯಾಮ ಯಾಕೆ ಮಾಡುತ್ತೀ ಎಂದು ಒಬ್ಬನನ್ನು ಕೇಳಿ, ಆರೋಗ್ಯಕ್ಕೆ ಎನ್ನುತ್ತಾನೆ. ಆರೋಗ್ಯ ಯಾಕೆ? ಕಾಯಿಲೆ ಬಿದ್ದರೆ ನೋವಾಗುತ್ತದೆ. ನೋವು ಯಾಕೆ ಬೇಡ? ಇಲ್ಲಿಗೆ ಉತ್ತರ ಮುಗಿಯಿತು. ‘ಯಾಕೆ’ಗಳ ಸರಪಳಿಯ ಕೊನೆಯ ಕೊಂಡಿ ಯಾವಾಗಲೂ ಒಂದು ಬೇಕು ಅಥವಾ ಒಂದು ಬೇಡ. ಹಾಗಾಗಿ ಬುದ್ಧಿ ಎನ್ನುವುದು ಭಾವಗಳ ಆಳು, ಆಳಾಗಿಯೇ ಇರಬೇಕಾದದ್ದು ಕೂಡ. ದಾರಿ ಹುಡುಕಿಕೊಡುತ್ತದೆ, ಎಲ್ಲಿಗೆ ಹೋಗಬೇಕೆಂದು ಹೇಳುವುದಿಲ್ಲ.

ನೈತಿಕತೆಯ ವಿಷಯಕ್ಕೆ ಬಂದಾಗ ಅವನು ಒಂದು ಮರವನ್ನು ಮುಂದಿಡುತ್ತಾನೆ. ದೊಡ್ಡ ಮರದ ಬೀಜ ಬುಡದಲ್ಲೇ ಬಿದ್ದು, ಸಸಿಯಾಗಿ, ಮೇಲೆದ್ದು, ಕಡೆಗೆ ತಾಯಿಮರವನ್ನೇ ಮುಚ್ಚಿ ಸಾಯಿಸುತ್ತದೆ. ಹೆತ್ತವರನ್ನು ಕೊಂದ ಮಗನಿಗೂ ಈ ಸಸಿಗೂ ಸಂಬಂಧದ ಲೆಕ್ಕದಲ್ಲಿ ಏನು ವ್ಯತ್ಯಾಸ? ಆದರೂ ಮರವನ್ನು ಯಾರೂ ಪಾತಕಿ ಎನ್ನುವುದಿಲ್ಲ. ಅಂದರೆ ಪಾತಕ ಎನ್ನುವುದು ಬುದ್ಧಿ ಕಂಡುಹಿಡಿಯುವ ಸಂಬಂಧವಲ್ಲ. ಆ ಕೊಲೆಯನ್ನು ಕಂಡಾಗ ನಮ್ಮೊಳಗೆ ಏಳುವ ಹೇಸಿಗೆಯಲ್ಲಿ ಅದು ಹುಟ್ಟುತ್ತದೆ. ಇದರ ಬೆನ್ನಿಗೇ ಬರುವ ಅವನ ಇನ್ನೊಂದು ಟಿಪ್ಪಣಿಯನ್ನು ಇಂದಿಗೂ ತತ್ತ್ವಶಾಸ್ತ್ರದ ತರಗತಿಗಳಲ್ಲಿ ಉರುಹೊಡೆಸುತ್ತಾರೆ. ನೀತಿ ಬೋಧಿಸುವವರು ‘ಇದೆ, ಇಲ್ಲ’ ಎಂದು ಶುರು ಮಾಡಿ, ಗೊತ್ತಾಗದ ಹಾಗೆ ‘ಬೇಕು, ಬಾರದು’ಗೆ ಜಾರಿಬಿಡುತ್ತಾರೆ, ನಡುವಿನ ಸೇತುವೆ ಎಲ್ಲಿ ಎಂಬುದು ಆ ಟಿಪ್ಪಣಿ.

ಹಾಗಾದರೆ ಹ್ಯೂಮನ ಲೋಕದಲ್ಲಿ ಒಳ್ಳೆಯತನಕ್ಕೆ ಆಧಾರ ಏನು? ಸಹಾನುಭೂತಿ. ಒಂದೇ ಶ್ರುತಿಗೆ ಬಿಗಿದ ತಂತಿಗಳಲ್ಲಿ ಒಂದನ್ನು ಮೀಟಿದರೆ ಉಳಿದವೂ ಮಿಡಿಯುವಂತೆ, ಒಬ್ಬರ ನೋವು ಇನ್ನೊಬ್ಬರಿಗೆ ಹಾಯುತ್ತದೆ ಎಂದು ಅವನೇ ಹೋಲಿಕೆ ಕೊಟ್ಟಿದ್ದಾನೆ. ತಂಬೂರಿ ಕೇಳಿ ಬೆಳೆದವರಿಗೆ ಬೇರೆ ವಿವರಣೆ ಬೇಡ.

ಆದರೆ ತಂತಿ ದೂರವಿದ್ದರೆ? ಈ ಪ್ರಶ್ನೆಯನ್ನು ಕೇಳಿದವನು ಹ್ಯೂಮನ ಆಪ್ತ ಗೆಳೆಯ ಆಡಂ ಸ್ಮಿತ್. ಮಾರುಕಟ್ಟೆಯ ಅರ್ಥಶಾಸ್ತ್ರಜ್ಞ ಎಂದಷ್ಟೇ ನಾವು ನೆನಪಿಟ್ಟುಕೊಂಡಿರುವ ಸ್ಮಿತ್ ಗ್ಲಾಸ್ಗೋದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದ. ನೈತಿಕ ಭಾವನೆಗಳನ್ನು ಕುರಿತ ಅವನ ಪುಸ್ತಕ 1759ರಲ್ಲಿ ಬಂತು. ಅದನ್ನು ಅವನು ಸಾಯುವ ವರ್ಷ, ಅಂದರೆ 1790ರ ತನಕವೂ ತಿದ್ದುತ್ತಲೇ ಇದ್ದ. ಅದರಲ್ಲೂ ಒಂದು ಬೆರಳು ಬರುತ್ತದೆ, ಈ ಸಲ ಕಿರುಬೆರಳು.

ಚೀನಾ ದೇಶ ಭೂಕಂಪಕ್ಕೆ ಸಿಕ್ಕಿ ಅಷ್ಟೂ ಜನರೊಂದಿಗೆ ನೆಲದೊಳಗೆ ಹೋಯಿತೆಂಬ ಸುದ್ದಿ ಯೂರೋಪಿನ ಒಬ್ಬ ಸಭ್ಯ ಮನುಷ್ಯನಿಗೆ ತಲುಪಿತು ಎನ್ನಿ. ಅವನು ಅಯ್ಯೋ ಎನ್ನುತ್ತಾನೆ. ಬದುಕು ಎಷ್ಟು ಅಸ್ಥಿರ ಎಂದು ಎರಡು ಮಾತಾಡುತ್ತಾನೆ. ವ್ಯಾಪಾರದ ಮೇಲೆ ಇದರ ಪರಿಣಾಮ ಏನಾದೀತೆಂದೂ ಯೋಚಿಸಬಹುದು. ಆಮೇಲೆ ಊಟ, ಕೆಲಸ, ನಿದ್ದೆ. ಅದೇ, ನಾಳೆ ತನ್ನ ಕಿರುಬೆರಳು ಕತ್ತರಿಸುತ್ತಾರೆಂದು ಗೊತ್ತಾದರೆ ಇವತ್ತು ರಾತ್ರಿ ಅವನ ಕಣ್ಣು ಮುಚ್ಚುವುದಿಲ್ಲ. ಹತ್ತು ಕೋಟಿ ಜನ ಸತ್ತ ಸುದ್ದಿ ಕೇಳಿಯೂ ಗೊರಕೆ ಹೊಡೆಯುತ್ತಾನೆ. ಫೋನಿನಲ್ಲಿ ಯುದ್ಧದ ಚಿತ್ರ ನೋಡಿ ಬೆರಳಾಡಿಸಿ ಮುಂದೆ ಹೋಗುವ ನಮ್ಮನ್ನು ಅವನು ನೋಡಿಯೇ ಬರೆದಂತಿದೆ.

ಸ್ಮಿತ್ ಇಲ್ಲಿಗೆ ನಿಲ್ಲಿಸಿದ್ದರೆ ಅದು ಬರೀ ಸಿನಿಕತನ ಆಗುತ್ತಿತ್ತು. ಅವನು ಮತ್ತೆ ಕೇಳುತ್ತಾನೆ: ಆ ಬೆರಳನ್ನು ಉಳಿಸಿಕೊಳ್ಳಲು ಹತ್ತು ಕೋಟಿ ಜನರನ್ನು ಬಲಿ ಕೊಡು ಎಂದರೆ ಅದೇ ಮನುಷ್ಯ ಕೊಟ್ಟಾನೆಯೇ? ಇಲ್ಲ, ಆ ಯೋಚನೆಗೇ ನಡುಗುತ್ತಾನೆ. ಭಾವನೆ ನೋಡಿದರೆ ಬೆರಳಿನ ಕಡೆಗಿದೆ. ಮತ್ತೆ ಅವನನ್ನು ತಡೆದದ್ದು ಯಾವುದು? ಕರುಣೆಯ ಸಣ್ಣ ಕಿಡಿಯಲ್ಲ ಎನ್ನುತ್ತಾನೆ ಸ್ಮಿತ್. ಬುದ್ಧಿ, ತತ್ತ್ವ, ಅಂತಃಸಾಕ್ಷಿ, ಎದೆಯೊಳಗೆ ಕುಳಿತ ನ್ಯಾಯಾಧೀಶ. ನೀನು ಗುಂಪಿನಲ್ಲಿ ಒಬ್ಬ, ಯಾರಿಗಿಂತಲೂ ಹೆಚ್ಚಿನವನಲ್ಲ ಎಂದು ಗದರಿಸುವ ಒಳಗಿನ ಮನುಷ್ಯ.

ಗೆಳೆಯನ ಬೆರಳಿನ ಮಾತಿಗೆ ಗೆಳೆಯ ಕೊಟ್ಟ ಉತ್ತರದಂತೆ ಕೇಳುವ ಈ ಪುಟಗಳು ನನ್ನ ಮಟ್ಟಿಗೆ ಇಡೀ ಚರ್ಚೆಯ ಅತ್ಯುತ್ತಮ ಜಾಗ. ಒಂದು ಎಚ್ಚರಿಕೆ: ಸ್ಮಿತ್ ಹ್ಯೂಮನ ಪಾಳೆಯ ಬಿಟ್ಟು ಓಡಿಹೋದವನಲ್ಲ. ಆ ಒಳಗಿನ ನ್ಯಾಯಾಧೀಶನ ಮಾತನ್ನು ನಾವು ಕೇಳುವುದು ಯಾಕೆಂದರೆ ಗೌರವಕ್ಕೆ ಯೋಗ್ಯರಾಗಿರಬೇಕೆಂಬ ಆಸೆ ನಮಗಿದೆ ಎನ್ನುತ್ತಾನೆ. ಆಸೆಯೂ ಭಾವವೇ.

ಇಲ್ಲಿ ನಮ್ಮ ಭಾಷೆಯನ್ನೇ ಸ್ವಲ್ಪ ನೋಡಬೇಕು. ಹ್ಯೂಮನ ‘ರೀಸನ್’ ಅನ್ನು ‘ಬುದ್ಧಿ’ ಎಂದು ಬರೆದ ಕೂಡಲೇ ಕನ್ನಡ ಕೈಕೊಡುತ್ತದೆ. ಪಕ್ಕದ ಮನೆಯ ಮಗುವನ್ನು ತಳ್ಳಿದ ಹುಡುಗನಿಗೆ ‘ನಿಂಗೆ ಬುದ್ಧಿ ಇಲ್ವಾ?’ ಎನ್ನುತ್ತೇವೆ, ಅವನು ಗಣಿತದಲ್ಲಿ ನೂರಕ್ಕೆ ನೂರು ತೆಗೆದಿರಬಹುದು. ಹಿರಿಯರು ‘ಬುದ್ಧಿ ಹೇಳುತ್ತಾರೆ’ ಎಂದರೆ ಹೇಗೆ ನಡೆದುಕೊಳ್ಳಬೇಕೆಂದು ಹೇಳುತ್ತಾರೆ. ‘ತನ್ನ ಬುದ್ಧಿ ತೋರಿಸಿಬಿಟ್ಟ’ ಎಂದರೆ ಅವನ ಗುಣವೇ ಬಯಲಾಯಿತು. ಅದೇ ‘ಅತಿ ಬುದ್ಧಿವಂತ’ ಎಂದರೆ ಕಳ್ಳ ಲೆಕ್ಕಾಚಾರದವನು. ಒಂದೇ ಪದದೊಳಗೆ ಲೆಕ್ಕವೂ ಇದೆ, ವಿವೇಕವೂ ಇದೆ, ಶೀಲವೂ ಇದೆ. ಪಶ್ಚಿಮದ ದಾರ್ಶನಿಕರ ಜಗಳದ ಅರ್ಧ ಭಾಗ, ಆ ಪದದೊಳಗೆ ಏನೇನು ಹಾಕಬಹುದು ಎಂಬುದೇ. ಹ್ಯೂಮ್ ಅದರಿಂದ ವಿವೇಕವನ್ನೂ ಶೀಲವನ್ನೂ ತೆಗೆದುಹಾಕಿ ಲೆಕ್ಕವನ್ನಷ್ಟೇ ಉಳಿಸಿದ. ಅಷ್ಟೇ ಉಳಿದ ಬುದ್ಧಿ ಆಳಲ್ಲದೆ ಒಡೆಯನಾಗುವುದು ಹೇಗೆ?

ಗ್ರೀಕರು ಅದರಲ್ಲಿ ತುಂಬ ಹೆಚ್ಚು ಹಾಕಿದ್ದರು. ಪ್ಲೇಟೋಗೆ ಬುದ್ಧಿ ಎಂದರೆ ಎರಡು ಕುದುರೆಗಳ ರಥ ಓಡಿಸುವ ಸಾರಥಿ. ಒಂದು ಕುದುರೆ ಮಾತು ಕೇಳುತ್ತದೆ, ಇನ್ನೊಂದು ಪುಂಡ. ಕಠೋಪನಿಷತ್ತಿನ ರಥ ನೆನಪಾದರೆ ತಪ್ಪಿಲ್ಲ, ಅಲ್ಲಿಯೂ ಬುದ್ಧಿಯೇ ಸಾರಥಿ. ಆದರೆ ಅಲ್ಲಿ ರಥದಲ್ಲಿ ಕುಳಿತ ಯಜಮಾನ ಬೇರೆಯೇ ಇದ್ದಾನೆ, ಆತ್ಮ. ಪ್ಲೇಟೋನ ರಥದಲ್ಲಿ ಸಾರಥಿಯೇ ಯಜಮಾನ. ಪ್ಲೇಟೋ ಹೇಳುವ ಇನ್ನೊಂದು ಕಥೆ ನನಗೆ ಇದಕ್ಕಿಂತ ಇಷ್ಟ. ಲಿಯಾಂಟಿಯಸ್ ಎಂಬವನು ಅಥೆನ್ಸಿನ ಗೋಡೆಯ ಹೊರಗೆ ನಡೆದು ಬರುವಾಗ ಮರಣದಂಡನೆ ಜಾರಿ ಮಾಡುವವನ ಪಕ್ಕ ಹೆಣಗಳು ಬಿದ್ದಿದ್ದವು. ನೋಡಬೇಕೆಂಬ ಆಸೆ, ಛೀ ಎಂಬ ಅಸಹ್ಯ, ಎರಡೂ ಒಟ್ಟಿಗೆ. ಮುಖ ಮುಚ್ಚಿಕೊಂಡು ಹೋರಾಡಿ, ಕಡೆಗೆ ಸೋತು, ಕಣ್ಣು ಅಗಲಿಸಿ ಓಡಿಹೋಗಿ ತನ್ನ ಕಣ್ಣುಗಳಿಗೇ ಬೈದನಂತೆ: ‘ನೋಡ್ರೋ ಪಾಪಿಗಳಾ, ಹೊಟ್ಟೆ ತುಂಬ ನೋಡಿ!’ ಅಪಘಾತದ ವಿಡಿಯೊ ತೆರೆಯುವ ಮುನ್ನ ಒಂದು ಕ್ಷಣ ತಡೆದು ಆಮೇಲೆ ತೆರೆದೇಬಿಟ್ಟವರೆಲ್ಲ ಲಿಯಾಂಟಿಯಸ್‌ನ ವಂಶದವರು.

ಅರಿಸ್ಟಾಟಲ್ ಈ ಸೋಲನ್ನು ಇನ್ನೂ ಗಂಭೀರವಾಗಿ ತೆಗೆದುಕೊಂಡ. ಸರಿ ಯಾವುದೆಂದು ಗೊತ್ತಿದ್ದವನು ತಪ್ಪು ಮಾಡಲಾರ ಎಂದು ಸಾಕ್ರಟೀಸ್ ವಾದಿಸಿದ್ದ. ಗೊತ್ತಿದೆ ಎಂದರೆ ಎಷ್ಟು ಗೊತ್ತಿದೆ ಎಂದು ಅರಿಸ್ಟಾಟಲ್ ಕೇಳುತ್ತಾನೆ. ಕುಡಿದವನೂ ಹಳೆಯ ದಾರ್ಶನಿಕ ಎಂಪೆಡೋಕ್ಲೀಸನ ಪದ್ಯ ಒಪ್ಪಿಸಬಲ್ಲ, ಬಾಯಲ್ಲಿದೆ, ಒಳಗಿಳಿದಿಲ್ಲ. ಒಳಗಿಳಿಯುವುದು ರೂಢಿಯಿಂದ. ಮನೆ ಕಟ್ಟಿ ಕಟ್ಟಿ ಗಾರೆಯವರಾಗುತ್ತಾರೆ, ವಾದ್ಯ ನುಡಿಸಿ ನುಡಿಸಿ ವಾದಕರಾಗುತ್ತಾರೆ, ನ್ಯಾಯವಾದದ್ದನ್ನು ಮಾಡಿ ಮಾಡಿ ನ್ಯಾಯವಂತರಾಗುತ್ತಾರೆ. ಅವನಿಗೆ ಭಾವ ಬೇರೆ, ಬುದ್ಧಿ ಬೇರೆ ಎಂದು ಕತ್ತರಿಸುವುದೇ ಬೇಕಾಗಿಲ್ಲ. ಸರಿಯಾದ ಹೊತ್ತಿಗೆ, ಸರಿಯಾದವರ ಮೇಲೆ, ಬೇಕಾದಷ್ಟೇ ಸಿಟ್ಟು ಬರುವುದು ಕೂಡ ವಿವೇಕದ ಭಾಗ. ನಮ್ಮ ಅಜ್ಜಿಯರ ‘ಬುದ್ಧಿ’ ಇವನಿಗೆ ತೀರ ಹತ್ತಿರ.

ಇನ್ನು ಕಾಂಟ್. ಆಗಿನ ಪ್ರಷ್ಯಾದ ಕ್ಯೋನಿಗ್ಸ್‌ಬರ್ಗ್‌ನಲ್ಲಿ 1724ರಲ್ಲಿ ಹುಟ್ಟಿದ ಇಮ್ಯಾನುಯೆಲ್ ಕಾಂಟ್ ಕುದುರೆ ಜೀನು-ಪಟ್ಟಿ ಮಾಡುವವನ ಮಗ. ಆ ಊರು ಈಗ ರಷ್ಯಾದ ಕಲಿನಿನ್‌ಗ್ರಾಡ್. ತನ್ನನ್ನು ಸಿದ್ಧಾಂತದ ನಿದ್ದೆಯಿಂದ ಎಬ್ಬಿಸಿದವನು ಹ್ಯೂಮ್ ಎಂದು ಕಾಂಟ್ 1783ರಲ್ಲಿ ಬಾಯಿಬಿಟ್ಟು ಒಪ್ಪಿಕೊಂಡ. ಎದ್ದ ಮೇಲೆ ಮಾತ್ರ ಎಬ್ಬಿಸಿದವನ ದಾರಿಗೆ ಎದುರು ನಡೆದ.

ಅವನ ಆಕ್ಷೇಪ ಸರಳ. ನೀತಿ ಭಾವದ ಮೇಲೆ ನಿಂತರೆ ಭಾವ ಒಣಗಿದ ದಿನ ನೀತಿಯೂ ಒಣಗಬೇಕು. 1785ರ ಪುಟ್ಟ ಪುಸ್ತಕವೊಂದರಲ್ಲಿ ಅವನು ಇಬ್ಬರನ್ನು ನಮ್ಮೆದುರು ನಿಲ್ಲಿಸುತ್ತಾನೆ. ಒಬ್ಬ ಅಂಗಡಿಯವನು. ಏನೂ ಅರಿಯದ ಮಗು ಬಂದರೂ ಅದೇ ಬೆಲೆ ಹೇಳುತ್ತಾನೆ, ಆದರೆ ವ್ಯಾಪಾರ ಕೆಡಬಾರದೆಂದು. ಕೆಲಸ ಸರಿ, ಆದರೆ ಮೆಚ್ಚುವಂಥದ್ದೇನಿಲ್ಲ. ಇನ್ನೊಬ್ಬ ಸ್ವಭಾವದಿಂದ ಪರೋಪಕಾರಿ. ಅವನ ಮನಸ್ಸಿಗೆ ದುಃಖ ಕವಿದು ಯಾರ ನೋವೂ ತಟ್ಟದಂತಾಗಿದೆ. ಆ ಹೊತ್ತಿನಲ್ಲೂ, ಮಾಡಬೇಕಾದದ್ದು ಎಂಬ ಒಂದೇ ಕಾರಣಕ್ಕೆ ಅವನು ಎದ್ದು ಸಹಾಯ ಮಾಡಿದರೆ, ನೈತಿಕ ಬೆಲೆ ಕಾಣುವುದು ಆಗ. ಇದನ್ನು ಓದಿದ ಹಲವರು ಕಾಂಟನನ್ನು ರಸವಿಲ್ಲದ ಮನುಷ್ಯ ಎಂದರು. ನನಗೆ ಹಾಗನಿಸುವುದಿಲ್ಲ. ವರ್ಷಗಟ್ಟಲೆ ಹಾಸಿಗೆ ಹಿಡಿದವರ ಸೇವೆ ಮಾಡಿದವರನ್ನು ಕೇಳಿ. ಪ್ರೀತಿ ಬತ್ತಿಹೋದ ಬೆಳಗುಗಳಲ್ಲೂ ಅವರು ಎದ್ದು ಗಂಜಿ ಕಾಯಿಸಿದ್ದಾರೆ.

ಬುದ್ಧಿ ಇಲ್ಲಿ ಏನು ಮಾಡುತ್ತದೆ? ಶಾಸನ ಬರೆಯುತ್ತದೆ. ‘ಆರೋಗ್ಯ ಬೇಕಾದರೆ ವ್ಯಾಯಾಮ ಮಾಡು’ ಎನ್ನುವುದು ಷರತ್ತಿನ ಆದೇಶ. ಆರೋಗ್ಯ ಬೇಡದವನಿಗೆ ಅದು ತಟ್ಟದು. ‘ವಂಚಿಸಬೇಡ’ ಎನ್ನುವುದಕ್ಕೆ ಷರತ್ತಿಲ್ಲ. ಇದನ್ನೇ ಕನ್ನಡದಲ್ಲಿ ನಿರಪೇಕ್ಷ ಆದೇಶ ಎನ್ನುತ್ತೇವೆ. ಪರೀಕ್ಷೆ ಹೀಗೆ: ತೀರಿಸುವ ಉದ್ದೇಶವೇ ಇಲ್ಲದೆ, ತೀರಿಸುತ್ತೇನೆ ಎಂದು ಮಾತು ಕೊಟ್ಟು ಸಾಲ ತರಬೇಕೆಂದಿದ್ದೀ. ಇದನ್ನೇ ಎಲ್ಲರ ನಿಯಮ ಮಾಡಿ ನೋಡು. ಎಲ್ಲರೂ ಹಾಗೆ ಮಾಡಿದರೆ ಮಾತು ಕೊಡುವುದಕ್ಕೆ ಅರ್ಥವೇ ಉಳಿಯದು, ಸಾಲ ಕೊಡುವವರೂ ಇರರು; ನಿನ್ನ ಉಪಾಯವೇ ಕುಸಿಯುತ್ತದೆ. ‘ಎಲ್ಲರೂ ಹಾಗೆ ಮಾಡಿದರೆ ಗತಿಯೇನು’ ಎಂಬ ನಮ್ಮ ಗೊಣಗಾಟ ಅಲ್ಲ ಇದು. ಗತಿ ಕೆಡುತ್ತದೆ ಎಂಬುದು ಕಾಂಟನ ದೂರಲ್ಲ. ಉಳಿದವರೆಲ್ಲ ಮಾತು ಉಳಿಸಿಕೊಳ್ಳಲಿ, ನನಗೊಬ್ಬನಿಗೆ ವಿನಾಯಿತಿ ಇರಲಿ ಎಂಬ ಒಳಗಿನ ವಿರೋಧವೇ ತಪ್ಪು. ಬೆರಳು ಉಳಿಸಿಕೊಳ್ಳಲು ಲೋಕ ಸುಡುವವನು ಈ ವಿನಾಯಿತಿಯ ಕೊನೆಯ ಮೆಟ್ಟಿಲಲ್ಲಿ ನಿಂತಿದ್ದಾನೆ. ಉಳಿದ ಮನುಷ್ಯರೆಲ್ಲ ಅವನಿಗೆ ಬರೀ ಸಾಧನ. ವಸ್ತುಗಳಿಗೆ ಬೆಲೆ ಇದೆ, ಒಂದರ ಬದಲು ಇನ್ನೊಂದು ತರಬಹುದು. ಮನುಷ್ಯರಿಗಿರುವುದು ಘನತೆ, ಅದಕ್ಕೆ ಬದಲಿ ಇಲ್ಲ. ಹೀಗಾಗಿ ಕಾಂಟನ ಪ್ರಕಾರ ಅವನು ನಿಜಕ್ಕೂ ಬುದ್ಧಿಗೆ ವಿರುದ್ಧ.

ಇಷ್ಟು ಎತ್ತರಕ್ಕೆ ಏರಿದ ಕಾಂಟ್ 1797ರಲ್ಲಿ, ಎಪ್ಪತ್ತಮೂರರ ವಯಸ್ಸಿನಲ್ಲಿ, ಒಂದು ಬಾಗಿಲ ಬಳಿ ಎಡವಿದ. ಕೊಲೆಗಾರನೊಬ್ಬ ಬಂದು, ನಿಮ್ಮ ಮನೆಯಲ್ಲಿ ಅಡಗಿರುವ ಗೆಳೆಯ ಎಲ್ಲಿ ಎಂದು ಕೇಳಿದರೆ ಸುಳ್ಳು ಹೇಳಬಹುದೇ? ಫ್ರೆಂಚ್ ಲೇಖಕ ಬೆಂಜಮಿನ್ ಕಾನ್‌ಸ್ಟನ್ ಎತ್ತಿದ್ದ ಈ ಪ್ರಶ್ನೆಗೆ ಕಾಂಟ್ ಕೂಡದು ಎಂದ. ನೀನು ‘ಇಲ್ಲ’ ಎಂದಾಗ ಗೆಳೆಯ ಅಷ್ಟರಲ್ಲೇ ಹಿತ್ತಿಲಿಂದ ಹೊರಬಿದ್ದು ಕೊಲೆಗಾರನ ಕೈಗೆ ಸಿಕ್ಕರೆ ಆ ಸಾವಿನ ಹೊಣೆ ನಿನ್ನದೂ ಆಗುತ್ತದೆ ಎಂಬ ವಾದ ಹೂಡಿದ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಹೇಳುವ ಕೌಶಿಕನ ಕಥೆ ಗೊತ್ತಿರುವವರಿಗೆ ಇದು ವಿಚಿತ್ರವಾಗಿ ಪರಿಚಿತ. ಅಡಗಿದ್ದವರ ಜಾಗವನ್ನು ದಸ್ಯುಗಳಿಗೆ ತೋರಿಸಿದ ಆ ಸತ್ಯವ್ರತಿ ನರಕಕ್ಕೆ ಹೋದ. ಕಾಂಟನ ಅಭಿಮಾನಿಗಳೂ ಇಲ್ಲಿ ಗುರುವನ್ನು ಪೂರ್ತಿ ಒಪ್ಪುವುದಿಲ್ಲ. ಅವನ ಸೂತ್ರಗಳಲ್ಲೇ ಒಂದರ ಪ್ರಕಾರ ಆ ಸುಳ್ಳಿಗೆ ಜಾಗವಿದೆ ಎಂದು ಅಮೆರಿಕದ ತತ್ತ್ವಜ್ಞಾನಿ ಕ್ರಿಸ್ಟೀನ್ ಕೋರ್ಸ್‌ಗಾರ್ಡ್ 1986ರಲ್ಲಿ ವಾದಿಸಿದರು.

ಒಟ್ಟು ಸುಖವೇ ನೀತಿಯ ಅಳತೆಗೋಲು ಎಂದ ಇಂಗ್ಲೆಂಡಿನ ಜೆರೆಮಿ ಬೆಂಥಮ್ ಮತ್ತು ಜಾನ್ ಸ್ಟುವರ್ಟ್ ಮಿಲ್‌ಗೆ ಬಾಗಿಲ ಪ್ರಶ್ನೆ ಪ್ರಶ್ನೆಯೇ ಅಲ್ಲ. ಸುಳ್ಳಿನಿಂದ ಒಟ್ಟು ಸುಖ ಹೆಚ್ಚುವುದಾದರೆ ಸುಳ್ಳು ಹೇಳು. ಬುದ್ಧಿ ಅವರಲ್ಲಿ ಲೆಕ್ಕಿಗ, ಆದರೆ ಪ್ರಾಮಾಣಿಕ ಲೆಕ್ಕಿಗ: ಪ್ರತಿಯೊಬ್ಬರೂ ಒಂದು, ಯಾರೂ ಒಂದಕ್ಕಿಂತ ಹೆಚ್ಚಲ್ಲ. ಮೂವತ್ತೈದು ವರ್ಷ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಕೂತು ನಮ್ಮ ದೇಶದ ಕಡತ ಬರೆದ ಮಿಲ್‌ಗೆ ಆ ‘ಪ್ರತಿಯೊಬ್ಬರೂ’ ಎಷ್ಟು ದೂರದವರೆಗೆ ಹಬ್ಬಿತ್ತೋ ಎಂದು ಕೇಳುವ ಹಕ್ಕು ನಮಗಿದೆ. ಬೆಂಥಮ್‌ನ ಒಂದು ಮಾತಿಗೆ ಮಾತ್ರ ನಾನು ತಲೆಬಾಗುತ್ತೇನೆ. ಪ್ರಾಣಿಗಳ ವಿಷಯದಲ್ಲಿ ಅವಕ್ಕೆ ಬುದ್ಧಿ ಇದೆಯೇ, ಮಾತು ಬರುತ್ತದೆಯೇ ಎಂಬುದು ಪ್ರಶ್ನೆಯಲ್ಲ. ನೋವಾಗುತ್ತದೆಯೇ ಎಂಬುದು ಪ್ರಶ್ನೆ ಎಂದು 1789ರಲ್ಲೇ ಬರೆದ. ಬುದ್ಧಿಯ ಬಾಗಿಲಲ್ಲಿ ನಿಂತು ಟಿಕೆಟ್ ಕೇಳುತ್ತಿದ್ದ ಕಾಂಟನ ನೀತಿಯಲ್ಲಿ ಹಸುವಿಗೆ ನೇರ ಪ್ರವೇಶವಿಲ್ಲ. ಪ್ರಾಣಿಯನ್ನು ಹಿಂಸಿಸಿದವನು ಮನುಷ್ಯರ ಮೇಲೂ ಕ್ರೂರನಾಗುತ್ತಾನೆ ಎಂಬ ಸುತ್ತುದಾರಿ ಮಾತ್ರ ಇದೆ.

ಇವರೆಲ್ಲರಿಗೂ ತಮ್ಮ ತಮ್ಮ ಹುಳುಕು ಗೊತ್ತಿತ್ತೇ? ಹ್ಯೂಮನಿಗೆ ಗೊತ್ತಿತ್ತು. 1751ರ ಪುಸ್ತಕದ ಕೊನೆಗೆ ಅವನೇ ಒಬ್ಬ ಜಾಣ ಖದೀಮನನ್ನು ಕರೆತರುತ್ತಾನೆ. ಪ್ರಾಮಾಣಿಕತೆ ಒಳ್ಳೆಯ ನಿಯಮ ಎಂದು ಈ ಖದೀಮ ಒಪ್ಪುತ್ತಾನೆ, ಆದರೆ ಸಿಕ್ಕಿಬೀಳದ ಕಡೆ ಮುರಿಯುತ್ತಾನೆ. ಅವನಿಗೆ ಏನು ಹೇಳುವುದು? ಅವನ ಎದೆಯೇ ದಂಗೆ ಏಳದಿದ್ದರೆ ಅವನನ್ನು ಒಪ್ಪಿಸುವ ಉತ್ತರ ಹುಡುಕುವುದು ಕಷ್ಟ ಎಂದು ಹ್ಯೂಮ್ ಕೈಚೆಲ್ಲಿದ. ಕಾಂಟನಿಗೆ ಬಂದ ಅವಮಾನ ಅವನು ಸತ್ತ ಮೇಲಿನದು. ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ಅಡಾಲ್ಫ್ ಐಖ್‌ಮನ್ 1961ರಲ್ಲಿ ಜೆರುಸಲೇಮಿನ ಕಟಕಟೆಯಲ್ಲಿ ನಿಂತು, ತಾನು ಕಾಂಟನ ಕರ್ತವ್ಯದಂತೆ ಬದುಕಿದ್ದೇನೆ ಎಂದ. ಸೂತ್ರವನ್ನೂ ಹೆಚ್ಚುಕಡಿಮೆ ಸರಿಯಾಗಿಯೇ ಒಪ್ಪಿಸಿದ. ಆ ವಿಚಾರಣೆಯನ್ನು ಕುರಿತು ಬರೆದ ಚಿಂತಕಿ ಹನ್ನಾ ಅರೆಂಟ್ ಮೋಸ ಎಲ್ಲಿದೆ ಎಂದು ಹಿಡಿದರು. ಕಾಂಟನಲ್ಲಿ ಶಾಸನ ಬರೆಯುವುದು ಪ್ರತಿಯೊಬ್ಬರ ಸ್ವಂತ ಬುದ್ಧಿ. ಐಖ್‌ಮನ್ ಆ ಜಾಗದಲ್ಲಿ ಹಿಟ್ಲರನನ್ನು ಕೂರಿಸಿದ್ದ. ಅರಿಸ್ಟಾಟಲನ ಕುಡುಕ ಪದ್ಯ ಒಪ್ಪಿಸುತ್ತಲೇ ಇದ್ದ.

ಇನ್ನೊಂದು ಹುಳುಕನ್ನು ಮರೆಸುವಂತಿಲ್ಲ. ಕಪ್ಪುಜನರು ಹುಟ್ಟಿನಿಂದಲೇ ಕೀಳೆಂದು ಹ್ಯೂಮ್ ಒಂದು ಅಡಿಟಿಪ್ಪಣಿ ಬರೆದ. 1764ರಲ್ಲಿ ಕಾಂಟ್ ಅದನ್ನೇ ಒಪ್ಪಿ ಉದಾಹರಿಸಿದ. ಭಾವ ದೊಡ್ಡದೋ ಬುದ್ಧಿ ದೊಡ್ಡದೋ ಎಂದು ಎಲ್ಲದರಲ್ಲೂ ಬೇರೆಯಾದ ಇಬ್ಬರು ಇದೊಂದರಲ್ಲಿ ಒಂದಾದರು. ಆ ಕಾಲವೇ ಹಾಗಿತ್ತು ಎನ್ನುವಂತೆಯೂ ಇಲ್ಲ. ಸ್ಕಾಟ್ಲೆಂಡಿನವನೇ ಆದ ಜೇಮ್ಸ್ ಬೀಟಿ 1770ರಲ್ಲೇ ಹ್ಯೂಮನ ಟಿಪ್ಪಣಿಯನ್ನು ಖಂಡಿಸಿದ್ದ. ಎಡಿನ್‌ಬರಾ ವಿಶ್ವವಿದ್ಯಾಲಯ 2020ರಲ್ಲಿ ತನ್ನ ಕಟ್ಟಡವೊಂದರಿಂದ ಹ್ಯೂಮನ ಹೆಸರು ತೆಗೆಯಿತು.

ಈ ಜಗಳ ಈಗ ಪ್ರಯೋಗಾಲಯಕ್ಕೂ ಹೋಗಿದೆ. ಓಡಿಬರುವ ಟ್ರಾಲಿಯಿಂದ ಹಳಿಯ ಮೇಲಿನ ಐವರನ್ನು ಉಳಿಸಲು, ಅದಕ್ಕೆ ಅಡ್ಡವಾಗಿ ಸೇತುವೆಯಿಂದ ಒಬ್ಬನನ್ನು ತಳ್ಳಬಹುದೇ ಎಂದು ಕೇಳಿ, ಜೋಶುವಾ ಗ್ರೀನ್ ಮತ್ತು ಸಂಗಡಿಗರು 2001ರಲ್ಲಿ ಜನರ ಮಿದುಳಿನ ಚಿತ್ರ ತೆಗೆದರು. ಇಂಥ ಕೈಯಾರೆ ಮಾಡುವ ಕೃತ್ಯದ ಪ್ರಶ್ನೆಗಳಲ್ಲಿ ಭಾವಕ್ಕೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾದವು. ಹಾಗಾದರೆ ‘ಮನುಷ್ಯರನ್ನು ಸಾಧನ ಮಾಡಬೇಡ’ ಎಂಬ ಕಾಂಟನ ಶಾಸನ ಭಾವದ ಕೂಗೇ, ಬೆಂಥಮ್‌ನ ಲೆಕ್ಕ ಮಾತ್ರ ಬುದ್ಧಿಯೇ ಎಂದು ಗ್ರೀನ್ ಕೇಳಿದರು. ತಕರಾರು ಇನ್ನೂ ನಡೆದಿದೆ. ನನಗಂತೂ ಅದು ಹ್ಯೂಮನ ಹಳೆಯ ವಿಂಗಡಣೆಯನ್ನೇ ನಂಬಿ ಹೊರಟ ಪ್ರಶ್ನೆಯಂತೆ ಕಾಣುತ್ತದೆ: ಲೆಕ್ಕ ಮಾತ್ರ ಬುದ್ಧಿ, ಉಳಿದದ್ದೆಲ್ಲ ಭಾವ.

1804ರ ಫೆಬ್ರುವರಿಯಲ್ಲಿ, ಸಾಯುವುದಕ್ಕೆ ಒಂಬತ್ತು ದಿನ ಮುಂಚೆ, ಕಾಂಟನನ್ನು ನೋಡಲು ವೈದ್ಯರು ಬಂದರು. ಕಣ್ಣು ಮಂಜು, ಮಾತು ತೊದಲು, ಕಾಲಲ್ಲಿ ಕಸುವಿಲ್ಲ. ಆದರೂ ಕುರ್ಚಿಯಿಂದ ಎದ್ದು ನಡುಗುತ್ತ ನಿಂತೇ ಇದ್ದ, ಏನೋ ಗೊಣಗುತ್ತಿದ್ದ. ಅತಿಥಿ ಕೂರುವ ತನಕ ತಾನು ಕೂರುವುದಿಲ್ಲ ಎನ್ನುತ್ತಿದ್ದಾನೆಂದು ಅರ್ಥವಾದದ್ದು ಅವನನ್ನು ನೋಡಿಕೊಳ್ಳುತ್ತಿದ್ದ ಗೆಳೆಯ ವಾಸಿಯಾನ್‌ಸ್ಕಿಗೆ. ವೈದ್ಯರು ಕೂತರು. ಕಾಂಟನೂ ಕೂತು, ಬಲವೆಲ್ಲ ಒಟ್ಟುಮಾಡಿ ಒಂದು ಮಾತು ಹೇಳಿದ: ‘ಮಾನವೀಯತೆಯ ಭಾವ ನನ್ನನ್ನಿನ್ನೂ ಬಿಟ್ಟುಹೋಗಿಲ್ಲ.’ ಅವನು ಬಳಸಿದ ಜರ್ಮನ್ ಪದ ‘ಗೆಫ್ಯೂಲ್’. ಬುದ್ಧಿ ಎಂದಲ್ಲ, ಭಾವ ಎಂದೇ.